ಯಾರ ವಿಳಾಸ ಹಿಡಿದು ಅಳೀಬೇಕು: ಕಡಲದಂಡೆಯ ಒಂದು ಊರಿನ ಪ್ರಕರಣ

ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಸಮುದ್ರದ ದಂಡೆಮೇಲಿರೋ ಒಂದು ಊರಲ್ಲಿ 2016ರಿಂದ 2018ರ ತನಕ ನಡೆದ ವಿಷಯ ಇದು, ಯಾವ ಫ್ಯಾಮಿಲಿ ಡಾಕ್ಟ್ರ ಕ್ಲಿನಿಕ್ಕಿಗೆ ಹೆಚ್ಚುವರಿ ದುಡ್ಡು ಕೊಡ್ಬೇಕು ಅಂತ ಅಗತ್ಯ ಅಳೆಯೋಕೆ ಹೋದ ಕಥೆ. ಊರಿನ ಹೆಸರು ಹೇಳಲ್ಲ, ಡಾಕ್ಟ್ರುಗಳ ಹೆಸರೂ ಇಲ್ಲ. ಎರಡು ಸರ್ಜರಿ ಬರ್ತವೆ (ಇಲ್ಲಿ ಫ್ಯಾಮಿಲಿ ಡಾಕ್ಟ್ರ ಕ್ಲಿನಿಕ್ಕಿಗೆ ಸರ್ಜರಿ ಅಂತಾರೆ), ಒಂದನ್ನ ದಂಡೆ ಸರ್ಜರಿ, ಇನ್ನೊಂದನ್ನ ಗುಡ್ಡದ ಸರ್ಜರಿ ಅಂತ ಕರೀತೀನಿ, ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಾಯ್ಸಿದೀನಿ. ಆಗ ನಾನು ಆ ಭಾಗದ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ದುಡ್ಡು ಎಲ್ಲಿ ಖರ್ಚಾಗ್ಬೇಕು ಅಂತ ನಿರ್ಧರಿಸೋ ಕಮಿಷನಿಂಗ್ ಗ್ರೂಪಲ್ಲಿ ಡೇಟಾ ಅನಲಿಸ್ಟ್. ಈ ಕೆಲಸದಲ್ಲಿರೋ ಕನ್ನಡದವರು ಈಗ ಸುಮಾರು ಜನ ಇದಾರೆ, ಬೆಂಗಳೂರಲ್ಲಿ ಕೂತು ಇಲ್ಲಿನ ಹೆಲ್ತ್ ಡೇಟಾ ನೋಡೋರೂ ಇದಾರೆ, ಅವರಿಗೆ ಉಪಯೋಗಕ್ಕೆ ಬರುತ್ತೆ ಅಂತ ಪೂರ್ತಿ ಬರೀತಿದೀನಿ.

ಮೊದಲು ಹಿನ್ನೆಲೆ. ಇಲ್ಲಿ ಹೆಚ್ಚುಕಮ್ಮಿ ಎಲ್ರೂ ಒಂದು ಸರ್ಜರಿಲಿ ಹೆಸರು ನೋಂದಾಯಿಸ್ಕೊಂಡಿರ್ತಾರೆ, ಆ ಪಟ್ಟಿಗೆ ಲಿಸ್ಟ್ ಅಂತಾರೆ, ಲಿಸ್ಟಲ್ಲಿ ಎಷ್ಟು ಜನ ಅನ್ನೋದರ ಮೇಲೆ ಸರ್ಜರಿಗೆ ದುಡ್ಡು ಬರುತ್ತೆ. ತಲೆಗೆ ಇಷ್ಟು ಅಂತ ಸಮನಾಗಿ ಕೊಡಲ್ಲ, ಸರ್ಜರಿಗಳು ಎನ್‌ಎಚ್‌ಎಸ್ ಜೊತೆ ಮಾಡ್ಕೊಂಡ 2004ರ ಕಾಂಟ್ರ್ಯಾಕ್ಟಿಂದ ಈಚೆಗೆ ಕಾರ್-ಹಿಲ್ ಫಾರ್ಮುಲಾ ಅಂತ ಒಂದಿದೆ, ವಯಸ್ಸು, ಗಂಡು-ಹೆಣ್ಣು, ನರ್ಸಿಂಗ್ ಹೋಮಲ್ಲಿರೋರು, ಹೊಸದಾಗಿ ಸೇರಿದವರು, ಹಳ್ಳಿ ಪ್ರದೇಶ, ಸಿಬ್ಬಂದಿ ಖರ್ಚು, ದೀರ್ಘಕಾಲದ ಕಾಯಿಲೆ, 65ರ ಒಳಗಿನ ಸಾವು ಇವನ್ನೆಲ್ಲ ಸೇರ್ಸಿ ತೂಕ ಹಾಕುತ್ತೆ. ಬಡತನಕ್ಕೆ ಅಂತ ನೇರವಾಗಿ ಒಂದು ತೂಕ ಅದರಲ್ಲಿಲ್ಲ. ವಯಸ್ಸಿನ ತೂಕ ಮಾತ್ರ ಭಾರಿ. 5ರಿಂದ 14 ವರ್ಷದ ಹುಡುಗನ್ನ 1 ಅಂತ ಇಟ್ಕೊಂಡ್ರೆ 45ರಿಂದ 64ರ ಗಂಡಸಿಗೆ 2.15, 75ರಿಂದ 84ರ ಗಂಡಸಿಗೆ 5.18.

ಈಗ ನಮ್ಮ ಊರಿಗೆ ಬನ್ನಿ. ಒಂದು ಕಾಲಕ್ಕೆ ಬೇಸಿಗೆ ರಜೆಗೆ ಇಡೀ ಉತ್ತರ ಇಂಗ್ಲೆಂಡಿನ ಕಾರ್ಖಾನೆ ಕೆಲಸಗಾರರು ಬಂದಿಳೀತಿದ್ದ ಊರು, ಆಮೇಲೆ ಜನ ವಿಮಾನ ಹತ್ತಿ ಸ್ಪೇನಿಗೆ ಹೋಗೋಕೆ ಶುರು ಮಾಡಿದ್ರು, ದಂಡೆ ಹಿಂದಿನ ಬೀದಿಗಳಲ್ಲಿದ್ದ ಗೆಸ್ಟ್‌ಹೌಸುಗಳು ಒಂದೊಂದೇ ಖಾಲಿಯಾಗಿ ಒಂದೊಂದು ರೂಮಿನ ಬಾಡಿಗೆ ಮನೆಗಳಾದ್ವು. ಬೇರೆ ಊರಲ್ಲಿ ಕೆಲಸ ಕಳ್ಕೊಂಡೋರು, ಸಂಸಾರ ಮುರಿದೋರು, ಜೈಲಿಂದ ಬಿಡುಗಡೆ ಆದೋರು, ಕುಡಿತ ಬಿಡೋಕೆ ಒದ್ದಾಡ್ತಿರೋರು, ಕಡಿಮೆ ಬಾಡಿಗೆಗೆ ಒಂದು ರೂಮು ಬೇಕು ಅನ್ನೋರೆಲ್ಲ ಇಲ್ಲಿಗೆ ಬರ್ತಾರೆ. ಅಲ್ಲಿನ 50 ವರ್ಷದ ಗಂಡಸು ಅಂದ್ರೆ ಉಸಿರಾಟದ ತೊಂದರೆ, ಶುಗರ್, ಡಿಪ್ರೆಶನ್, ಎಲ್ಲ ಒಟ್ಟಿಗೇ ಇರೋ ಮನುಷ್ಯ. 2012ರಲ್ಲಿ ಸ್ಕಾಟ್‌ಲೆಂಡಿನ 314 ಸರ್ಜರಿಗಳ ಸುಮಾರು ಹದಿನೇಳೂವರೆ ಲಕ್ಷ ಜನರ ದಾಖಲೆ ನೋಡಿ ಮಾಡಿದ ಒಂದು ದೊಡ್ಡ ಅಧ್ಯಯನ ಬಂತು, ಒಬ್ಬರಿಗೇ ಎರಡು ಮೂರು ಕಾಯಿಲೆ ಒಟ್ಟಿಗೆ ಅಂಟ್ಕೊಳ್ಳೋದು ಬಡ ಪ್ರದೇಶಗಳಲ್ಲಿ 10ರಿಂದ 15 ವರ್ಷ ಮುಂಚೆನೇ ಶುರುವಾಗುತ್ತೆ ಅಂತ ಅದರಲ್ಲಿ ಸ್ಪಷ್ಟವಾಗಿ ಕಾಣ್ಸುತ್ತೆ. ವಯಸ್ಸಿನ ತೂಕಕ್ಕೆ ಇದು ಕಾಣಲ್ಲ. ಗುಡ್ಡದ ಮೇಲಿನ ಬಂಗಲೆಲಿ ಗಟ್ಟಿಮುಟ್ಟಾಗಿ ಗಾಲ್ಫ್ ಆಡೋ 78ರ ಅಜ್ಜನಿಗೆ 5.18, ದಂಡೆ ಬೀದಿಯ ಈ 50ರ ಗಂಡಸಿಗೆ 2.15. ಫಾರ್ಮುಲಾದ ಬೇರೆ ಅಂಶಗಳು ಇದನ್ನ ಒಂಚೂರು ಸರಿ ಮಾಡ್ತವೆ, ಪೂರ್ತಿ ಅಲ್ಲ.

ಜೂಲಿಯನ್ ಟ್ಯೂಡರ್ ಹಾರ್ಟ್ ಅಂತ ವೇಲ್ಸಿನ ಗಣಿ ಹಳ್ಳಿಲಿ ಕೆಲಸ ಮಾಡ್ತಿದ್ದ ಫ್ಯಾಮಿಲಿ ಡಾಕ್ಟ್ರು 1971ರಲ್ಲೇ ಲ್ಯಾನ್ಸೆಟ್‌ನಲ್ಲಿ ಬರೆದಿದ್ರು, ಒಳ್ಳೆ ವೈದ್ಯಕೀಯ ಸೇವೆ ಯಾರಿಗೆ ಜಾಸ್ತಿ ಬೇಕೋ ಅವರಿಗೇ ಕಮ್ಮಿ ಸಿಗುತ್ತೆ ಅಂತ. ನಮ್ಮ ಊರಲ್ಲಿ ಅದು ಕಣ್ಣೆದುರಿಗೇ ಇತ್ತು.

2016ರಲ್ಲಿ ನಮ್ಮ ಗ್ರೂಪಿನ ಹತ್ರ ಒಂದು ಸಣ್ಣ ಮೊತ್ತ ಬಂತು, ಎರಡು ವರ್ಷಕ್ಕೆ. 11 ಸರ್ಜರಿಗಳಲ್ಲಿ ಅಗತ್ಯ ಜಾಸ್ತಿ ಇರೋ ಕಡೆ ಹೆಚ್ಚುವರಿ ಸೇವೆಗೆ ಕೊಡಿ ಅನ್ನೋ ನಿರ್ಧಾರ ಆಗಿತ್ತು, ಎಲ್ಲಿ ಅಗತ್ಯ ಜಾಸ್ತಿ ಅಂತ ಪಟ್ಟಿ ಮಾಡೋ ಕೆಲಸ ನನಗೆ. ಟೈಮ್ ಮೂರು ವಾರ.

ಇಂಗ್ಲೆಂಡಲ್ಲಿ ಇದಕ್ಕೆ ರೆಡಿ ಸಾಧನ ಇದೆ, ಐಎಂಡಿ ಅಂತ, ಅಂದ್ರೆ ಪ್ರದೇಶ ಎಷ್ಟು ಹಿಂದುಳಿದಿದೆ ಅನ್ನೋದರ ಸೂಚ್ಯಂಕ. ಆಗ 2015ರದ್ದು ಚಾಲ್ತಿಲಿತ್ತು. ಅದರಲ್ಲಿ ಇಡೀ ದೇಶನ 32,844 ಪುಟ್ಟ ಪ್ರದೇಶಗಳಾಗಿ ಒಡೆದಿದ್ರು, ಒಂದೊಂದರಲ್ಲಿ ಸರಾಸರಿ 1,500ರಷ್ಟು ಜನ. ಆದಾಯಕ್ಕೆ 22.5, ಉದ್ಯೋಗಕ್ಕೆ 22.5, ಶಿಕ್ಷಣಕ್ಕೆ 13.5, ಆರೋಗ್ಯಕ್ಕೆ 13.5, ಅಪರಾಧ, ವಸತಿ-ಸೇವೆ, ಸುತ್ತಲಿನ ಪರಿಸರ ಈ ಮೂರಕ್ಕೆ ತಲಾ 9.3 ಶೇಕಡಾ ತೂಕ. ಇವೆಲ್ಲ ಸೇರಿ ಒಂದು ಸ್ಕೋರು, ಆ ಸ್ಕೋರಿಂದ ಒಂದು ರ್‍ಯಾಂಕು.

ನಾನು ಮಾಡಿದ ಮೊದಲನೇ ಲೆಕ್ಕ ಸಲೀಸು. ಸರ್ಜರಿ ಇರೋ ಪೋಸ್ಟ್‌ಕೋಡ್ (ನಮ್ಮ ಪಿನ್‌ಕೋಡ್ ಥರ, ಆದ್ರೆ ಕೆಲವೇ ಮನೆಗಳಿಗೆ ಒಂದು) ಹಾಕ್ದೆ, ಅದು ಯಾವ ಪುಟ್ಟ ಪ್ರದೇಶಕ್ಕೆ ಸೇರುತ್ತೋ ಅದರ ಸ್ಕೋರು ತಗೊಂಡೆ, ಸಾಲಾಗಿ ಜೋಡಿಸ್ದೆ. ದಂಡೆ ಸರ್ಜರಿ 11ರಲ್ಲಿ 8ನೇದು ಬಂತು, ಅಂದ್ರೆ ಪರವಾಗಿಲ್ಲ ಅನ್ನೋ ಪ್ರದೇಶ. ಕಾರಣ ಏನಂದ್ರೆ ಆ ಸರ್ಜರಿ ಕೆಲವು ವರ್ಷದ ಹಿಂದೆ ಹಳೇ ಕಟ್ಟಡ ಬಿಟ್ಟು ಸಮುದ್ರ ಕಾಣೋ ಹೊಸ ಫ್ಲಾಟುಗಳ ಪಕ್ಕ ಶಿಫ್ಟ್ ಆಗಿತ್ತು, ಪೇಶೆಂಟುಗಳು ಮಾತ್ರ ಅದೇ ಹಳೇ ಬೀದಿಗಳವರು. ಕರಡನ್ನ ಎಲ್ಲಾ ಸರ್ಜರಿಗಳಿಗೂ ಕಳ್ಸಿದ್ವಿ, ಮಾರನೇ ದಿನ ದಂಡೆ ಸರ್ಜರಿಯ ಮ್ಯಾನೇಜರ್ ಫೋನ್ ಮಾಡಿ ಬೈಲಿಲ್ಲ, ಜೋರು ಮಾತಾಡ್ಲಿಲ್ಲ, "ಒಂದ್ಸಲ ಬಂದು ನಮ್ಮ ವೇಟಿಂಗ್ ರೂಮಲ್ಲಿ ಒಂದು ಗಂಟೆ ಕೂತ್ಕೊಂಡು ಹೋಗಿ" ಅಂದ್ರು ಅಷ್ಟೇ.

ಹೋದೆ. ಅಲ್ಲಿನ ಹಿರಿಯ ಡಾಕ್ಟ್ರು ಧಾರವಾಡ ಕಡೆಯವರು ಅಂತ ಗೊತ್ತಾಗಿದ್ದು ಆವತ್ತೇ. ಇದು ಅಪರೂಪ ಏನಲ್ಲ, ಗಣಿ ಊರು, ಮಿಲ್ ಊರು, ಸ್ಥಳೀಯ ಡಾಕ್ಟ್ರುಗಳು ಹೋಗೋಕೆ ಇಷ್ಟಪಡದ ಬಡ ಬಡಾವಣೆಗಳಲ್ಲಿ ದಶಕಗಟ್ಟಲೆ ಸರ್ಜರಿ ನಡೆಸ್ಕೊಂಡು ಬಂದೋರಲ್ಲಿ ಭಾರತ, ಪಾಕಿಸ್ತಾನದಿಂದ ಬಂದ ಡಾಕ್ಟ್ರುಗಳ ಪಾಲು ತುಂಬಾ ದೊಡ್ಡದು, ಅದನ್ನ ಇಲ್ಲಿ ಸಾಕಷ್ಟು ಹೇಳಲ್ಲ ಅಂತ ನನಗೆ ಯಾವಾಗ್ಲೂ ಅನ್ಸುತ್ತೆ. ನಾನು ನನ್ನ ಲೆಕ್ಕ ವಿವರಿಸ್ದೆ. ಅವರು ಕೇಳ್ಕೊಂಡು ಕನ್ನಡದಲ್ಲೇ ಹೇಳಿದ್ರು, "ನೋಡ್ರಿ, ನೀವು ಅಳ್ಯಾಕತ್ತಿದ್ದು ಜಾಗಾ, ನಾ ನೋಡೂದು ಮನಷ್ಯಾನ್ನ. ಇವತ್ತ ಮುಂಜಾನೆ ಬಂದ ಹನ್ನೊಂದು ಮಂದಿಯೊಳಗ ನಾಕು ಮಂದಿ ಹ್ವಾದ ವರ್ಷ ಈ ಊರಾಗ ಇರಲಿಲ್ಲ. ನಿಮ್ಮ ಲೆಕ್ಕದಾಗ ಅವ್ರು ಎಲ್ಲಿ ಅದಾರ?"

ನನ್ನ ಹತ್ರ ಉತ್ತರ ಇರಲಿಲ್ಲ. "ಗೊತ್ತಿಲ್ಲ ಸರ್, ಹುಡುಕ್ತೀನಿ" ಅಂದೆ.

ಆಮೇಲೆ ಅವರು ಹಳೇ ಕಥೆ ಒಂದು ಹೇಳಿದ್ರು, ಇಡೀ ಪ್ರಕರಣದಲ್ಲಿ ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಇದೇ. ಬ್ರಯಾನ್ ಜಾರ್ಮನ್ ಅಂತ ಲಂಡನ್ನಿನ ಫ್ಯಾಮಿಲಿ ಡಾಕ್ಟ್ರು, ಪ್ರೊಫೆಸರ್ ಕೂಡ, 1983ರಲ್ಲಿ ಒಂದು ಸ್ಕೋರು ಪ್ರಕಟಿಸಿದ್ರು. ಅವರು ಶುರು ಮಾಡಿದ್ದು ಬಡತನ ಎಲ್ಲಿದೆ ಅಂತ ಅಲ್ಲ, ಫ್ಯಾಮಿಲಿ ಡಾಕ್ಟ್ರುಗಳನ್ನೇ ಕೇಳಿದ್ರು, ನಿಮ್ಮ ಕೆಲಸದ ಹೊರೆ ಜಾಸ್ತಿ ಮಾಡೋದು ಏನು ಅಂತ. ಅವರ ಉತ್ತರಗಳಿಂದ 8 ಅಂಶ, ಒಂದೊಂದಕ್ಕೆ ತೂಕ: ಒಬ್ಬರೇ ಇರೋ ವಯಸ್ಸಾದವರು 6.62, ಐದು ವರ್ಷದ ಒಳಗಿನ ಮಕ್ಕಳು 4.64, ಕೌಶಲ ಇಲ್ಲದ ಕೂಲಿ ಕೆಲಸ 3.74, ನಿರುದ್ಯೋಗ 3.34, ಒಂಟಿ ತಂದೆ ಅಥವಾ ತಾಯಿ ನಡೆಸೋ ಸಂಸಾರ 3.01, ಇಕ್ಕಟ್ಟಿನ ಮನೆ 2.88, ಕಳೆದ ಒಂದು ವರ್ಷದಲ್ಲಿ ಮನೆ ಬದಲಾಯ್ಸಿದವರು 2.68, ಅಲ್ಪಸಂಖ್ಯಾತ ಜನಾಂಗದವರು 2.50. 1990ರ ಕಾಂಟ್ರ್ಯಾಕ್ಟಲ್ಲಿ ಈ ಸ್ಕೋರಿನ ಮೇಲೆ ಡಾಕ್ಟ್ರುಗಳಿಗೆ ಹೆಚ್ಚುವರಿ ದುಡ್ಡು ಕೊಡೋಕೆ ಶುರು ಮಾಡಿದ್ರು, ವಾರ್ಡಿನ ಸ್ಕೋರು 30 ದಾಟಿದ್ರೆ ಒಂದು ರೇಟು, 40 ದಾಟಿದ್ರೆ ಇನ್ನೊಂದು, 50 ದಾಟಿದ್ರೆ ಮತ್ತೊಂದು. ನಮ್ಮ ಧಾರವಾಡದ ಡಾಕ್ಟ್ರ ಪೇಶೆಂಟುಗಳಿದ್ದ ವಾರ್ಡಲ್ಲಿ ಅರ್ಧ ದಂಡೆ ಬೀದಿಗಳು, ಅರ್ಧ ದೊಡ್ಡ ದೊಡ್ಡ ಮನೆಗಳು, ಸೇರ್ಸಿದ್ರೆ ಸ್ಕೋರು 29 ಚಿಲ್ಲರೆ. "ಒಂದ ಒಂದು ಪಾಯಿಂಟ್ ಕಮ್ಮಿ ಬಿತ್ತ್ರೀ, ವರ್ಷಗಟ್ಟಲೆ ಒಂದು ಪೈಸಾನೂ ಬರಲಿಲ್ಲ" ಅಂದ್ರು.

ಜಾರ್ಮನ್ ಸ್ಕೋರಿನ ಬಗ್ಗೆ ಆಗ್ಲೇ ತುಂಬ ತಕರಾರು ಇದ್ವು. ಡಾಕ್ಟ್ರ ಅಭಿಪ್ರಾಯದ ಮೇಲೆ ತೂಕ ನಿಂತಿದೆ, ಜನ ಪದೇಪದೇ ಮನೆ ಬದಲಾಯ್ಸೋ ಲಂಡನ್ನಿಗೆ ಜಾಸ್ತಿ ಅಂಕ ಬೀಳುತ್ತೆ, ಉತ್ತರದ ಕೈಗಾರಿಕಾ ಊರುಗಳಿಗೆ ಅನ್ಯಾಯ ಆಗುತ್ತೆ ಅಂತ. ಬಡತನ ಅಳೆಯೋ ಬೇರೆ ಸೂಚ್ಯಂಕಗಳೂ ಇದ್ವು, ಟೌನ್‌ಸೆಂಡ್ ಸೂಚ್ಯಂಕ ನಿರುದ್ಯೋಗ, ಕಾರಿಲ್ಲದ ಮನೆ, ಸ್ವಂತದ್ದಲ್ಲದ ಮನೆ, ಇಕ್ಕಟ್ಟು ಈ ನಾಲ್ಕನ್ನ ಮಾತ್ರ ಇಟ್ಕೊಂಡಿದ್ದು, ಸ್ಕಾಟ್‌ಲೆಂಡಲ್ಲಿ ಕಾರ್‌ಸ್ಟೇರ್ಸ್ ಸೂಚ್ಯಂಕ ಹೆಚ್ಚುಕಮ್ಮಿ ಅದೇ ದಾರಿ ಹಿಡಿದಿದ್ದು. ಅವು ಕೇಳೋ ಪ್ರಶ್ನೆನೇ ಬೇರೆ. ಜನರಿಗೆ ಯಾವುದರ ಕೊರತೆ ಇದೆ ಅಂತ ಟೌನ್‌ಸೆಂಡ್ ಕೇಳುತ್ತೆ, ಡಾಕ್ಟ್ರ ಬಾಗಿಲಿಗೆ ಎಷ್ಟು ಹೊರೆ ಬರುತ್ತೆ ಅಂತ ಜಾರ್ಮನ್ ಕೇಳ್ತಾರೆ. ನಾನು ಮೊದಲನೇದನ್ನ ಅಳೆದು ಎರಡನೇದರ ಉತ್ತರ ಅಂತ ಬರೆದುಬಿಟ್ಟಿದ್ದೆ.

ಎರಡನೇ ಪ್ರಯತ್ನದಲ್ಲಿ ಕಟ್ಟಡದ ವಿಳಾಸ ಬಿಟ್ಟು ಪೇಶೆಂಟುಗಳ ವಿಳಾಸ ಹಿಡಿದೆ. ಪ್ರತಿ ಸರ್ಜರಿಯ ಲಿಸ್ಟಲ್ಲಿ ಯಾವ ಪುಟ್ಟ ಪ್ರದೇಶದಿಂದ ಎಷ್ಟು ಜನ ಅನ್ನೋದನ್ನ ಎನ್‌ಎಚ್‌ಎಸ್ ಆಗಾಗ ಪ್ರಕಟಿಸುತ್ತೆ, ಹೆಸರು ಬೇಕಿಲ್ಲ. ಜನಸಂಖ್ಯೆ ತೂಕ ಹಾಕಿ ಸ್ಕೋರಿನ ಸರಾಸರಿ ತೆಗೆದೆ. (ಸರಾಸರಿ ತೆಗೀಬೇಕಾದ್ದು ಸ್ಕೋರಿಂದು, ರ್‍ಯಾಂಕಿಂದಲ್ಲ, ಈ ತಪ್ಪು ನಾನು ಎಷ್ಟೋ ರಿಪೋರ್ಟಲ್ಲಿ ನೋಡಿದೀನಿ, ರ್‍ಯಾಂಕುಗಳ ನಡುವಿನ ಅಂತರ ಒಂದೇ ಸಮ ಇರಲ್ಲ.) ದಂಡೆ ಸರ್ಜರಿ 8ರಿಂದ 3ಕ್ಕೆ ಬಂತು. ಮೂರನೇ ಸಲ ಸರಾಸರಿನೂ ಬಿಟ್ಟೆ, ದೇಶದ ಅತಿ ಹಿಂದುಳಿದ ಹತ್ತನೇ ಒಂದು ಭಾಗದ ಪ್ರದೇಶಗಳಲ್ಲಿ ಇರೋರು ಲಿಸ್ಟಲ್ಲಿ ಎಷ್ಟು ಪಾಲು ಅಂತ ನೋಡ್ದೆ. ಈಗ ಮೊದಲನೇ ಸ್ಥಾನ. ಹೊಸ ಫ್ಲಾಟಿನವರೂ ಅದೇ ಲಿಸ್ಟಲ್ಲಿ ಇದ್ದಿದ್ರಿಂದ ಸರಾಸರಿ ಎರಡೂ ತುದಿನ ಮಧ್ಯಕ್ಕೆ ಎಳೆದು ಕೂರ್ಸಿತ್ತು.

ನಮ್ಮ ಕಡೆಯ ನಂಜುಂಡಪ್ಪ ವರದಿ ಗೊತ್ತಿರೋರಿಗೆ ಇದು ಬೇಗ ಅರ್ಥ ಆಗುತ್ತೆ. 2002ರ ಆ ವರದಿ 35 ಸೂಚಕ ಹಿಡಿದು 175 ತಾಲ್ಲೂಕಲ್ಲಿ 114 ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಅಂತ ಗುರುತಿಸ್ತು, ಪ್ರಾದೇಶಿಕ ಅನ್ಯಾಯನ ಅಂಕಿ ಸಮೇತ ಮುಂದಿಟ್ಟ ದೊಡ್ಡ ಕೆಲಸ ಅದು. ಆದ್ರೆ ಅಳತೆಯ ಘಟಕ ತಾಲ್ಲೂಕು. ತಾಲ್ಲೂಕು ಕೇಂದ್ರದ ವಕೀಲರ ಬೀದಿನೂ, 20 ಕಿಲೋಮೀಟರ್ ಆಚೆಯ ತಾಂಡಾನೂ ಅದೇ ಒಂದು ಅಂಕಿಯೊಳಗೆ ಇರ್ತವೆ. ಮುಂದುವರಿದ ತಾಲ್ಲೂಕು ಅನ್ನಿಸ್ಕೊಂಡ ಕಡೆಯ ತಾಂಡಾಕ್ಕೆ ಆಗೋದೇ ದಂಡೆ ಬೀದಿಗಳಿಗೂ ಆಗಿತ್ತು.

ಇಷ್ಟಾದ್ರೂ ಡಾಕ್ಟ್ರ ಪ್ರಶ್ನೆ ಹಾಗೇ ಉಳಿದಿತ್ತು, ಹೋದ ವರ್ಷ ಇಲ್ಲಿ ಇಲ್ಲದೇ ಇದ್ದೋರು ಎಲ್ಲಿ? ಐಎಂಡಿಲಿ ಮನೆ ಬದಲಾಯ್ಸಿದವರ ಲೆಕ್ಕ ಇಲ್ಲ. ಕಾರ್-ಹಿಲ್‌ನಲ್ಲಿ ಹೊಸದಾಗಿ ಸೇರಿದವರಿಗೆ ಮೊದಲ ವರ್ಷ 1.46 ತೂಕ ಇದೆ, ಒಳ್ಳೇದೇ, ಆದ್ರೆ ದುಡ್ಡಿನ ಲೆಕ್ಕ ಮೂರು ತಿಂಗಳಿಗೊಂದ್ಸಲ ಆಗುತ್ತೆ, ನಡುವೆ ಬಂದು ನಡುವೆಯೇ ಹೋದ ಮನುಷ್ಯ ಲೆಕ್ಕಕ್ಕೇ ಬರಲ್ಲ, ಅವನಿಗೆ ಅಂತ ರಿಜಿಸ್ಟರ್ ಮಾಡಿದ್ದು, ಹಳೇ ಫೈಲ್ ತರಿಸಿದ್ದು, ಮೊದಲ ಭೇಟಿಲಿ ಅರ್ಧ ಗಂಟೆ ಕೂತು ಕೇಳಿದ್ದು ಎಲ್ಲ ನಡೆದಿರುತ್ತೆ.

ಇಲ್ಲಿ ನಾವು ತಗೊಂಡ ನಿರ್ಧಾರನೇ ಪ್ರಕರಣದ ದಿಕ್ಕು ಬದಲಾಯ್ಸಿದ್ದು. ಇನ್ನೊಂದು ಸೂಚ್ಯಂಕ ಹುಡುಕೋ ಬದಲು ನಾಲ್ಕು ಸರ್ಜರಿಗಳ ರಿಸೆಪ್ಷನ್ನಲ್ಲಿ ಎರಡು ವಾರ ಒಂದೊಂದು ಹಾಳೆ ಇಟ್ವಿ. ಹೆಸರಿಲ್ಲ, ಬರೀ ಟಿಕ್ ಹಾಕೋದು. ಐದು ಕಾಲಂ: ಊರಿಗೆ ಬಂದು ಒಂದು ವರ್ಷ ಆಗಿಲ್ಲ, ದುಭಾಷಿ ಬೇಕು, ಪೇಪರ್ ಕೆಲಸಕ್ಕೆ ಬಂದಿದ್ದು (ರಜೆ ಸರ್ಟಿಫಿಕೇಟು, ಬೆನಿಫಿಟ್ ಅಂದ್ರೆ ಸರ್ಕಾರಿ ಸಹಾಯಧನದ ಫಾರ್ಮು, ಮನೆಗೋಸ್ಕರ ಪತ್ರ), ಹತ್ತು ನಿಮಿಷದಲ್ಲಿ ಮುಗೀಲಿಲ್ಲ, ಫೋನಲ್ಲಿ ದುಡ್ಡಿಲ್ಲದ್ದಕ್ಕೆ ಖುದ್ದು ಬಂದಿದ್ದು. 11 ಸರ್ಜರಿಲೂ ಮಾಡೋಕೆ ಆಗ್ಲಿಲ್ಲ, ರಿಸೆಪ್ಷನ್‌ನವರ ಮೇಲೆ ಆಗ್ಲೇ ಬೇಕಾದಷ್ಟು ಹೊರೆ ಇತ್ತು. ದಂಡೆ ಸರ್ಜರಿಯ ಹಾಳೆಗಳು ಎರಡನೇ ದಿನಕ್ಕೇ ತುಂಬಿ ಹೊಸ ಹಾಳೆ ಕೇಳಿದ್ರು. ಅಲ್ಲಿ ಅರ್ಧ ಭೇಟಿ ಅಂದ್ರೆ ಕಾಯಿಲೆ ಜೊತೆಗೆ ಇನ್ನೊಂದು ಏನಾದ್ರೂ.

ಗುಡ್ಡದ ಸರ್ಜರಿಯ ಹಾಳೆ ಹೆಚ್ಚುಕಮ್ಮಿ ಖಾಲಿ ಬಂತು. ನಾವು ಅದನ್ನ ನೋಡಿ ಲೆಕ್ಕ ತಾಳೆ ಆಯ್ತು ಅಂದ್ಕೊಂಡ್ವಿ. ಅಲ್ಲಿನ ಡಾಕ್ಟ್ರು ಮೀಟಿಂಗಿಗೆ ಆ ಹಾಳೆ ಹಿಡ್ಕೊಂಡೇ ಬಂದ್ರು. ಅವರ ಮಾತಿನ ಸಾರ ಇಷ್ಟು: ನಿಮ್ಮ ಐದೂ ಕಾಲಂ ದಂಡೆ ಬೀದಿನ ನೋಡಿ ಬರೆದದ್ದು, ನನ್ನ ಪೇಶೆಂಟ್ ರಿಸೆಪ್ಷನ್ ತನಕ ಬರೋದೇ ಇಲ್ಲ, 86 ವರ್ಷದ ಹೆಂಗಸು, ಗಂಡ ತೀರ್ಕೊಂಡಿದಾರೆ, ಮಗ ಆಸ್ಟ್ರೇಲಿಯಾದಲ್ಲಿ, ಬಸ್ಸು ನಿಂತುಹೋಗಿದೆ, ನಾನೇ ಮನೆಗೆ ಹೋಗ್ಬೇಕು, ಹೋಗಿ ಬರೋಕೆ ನಲವತ್ತು ನಿಮಿಷ, ಅವರಿಗೆ ಟಿಕ್ ಹಾಕೋ ಕಾಲಂ ಎಲ್ಲಿದೆ?

ಮೀಟಿಂಗಲ್ಲಿ ಕೆಲವರಿಗೆ ಇದು ಚೆನ್ನಾಗಿರೋ ಏರಿಯಾದವರ ಗೊಣಗಾಟ ಅನ್ನಿಸ್ತು. ನನಗೆ ಜಾರ್ಮನ್ ಪಟ್ಟಿ ನೆನಪಾಯ್ತು. ಎಂಟು ಅಂಶದಲ್ಲಿ ಅತಿ ದೊಡ್ಡ ತೂಕ 6.62, ಅದು ಒಬ್ಬರೇ ಇರೋ ವಯಸ್ಸಾದವರಿಗೆ. ಮೂವತ್ತಕ್ಕೂ ಹೆಚ್ಚು ವರ್ಷದ ಹಿಂದೆ ಡಾಕ್ಟ್ರುಗಳು ಎಲ್ಲಕ್ಕಿಂತ ಮೇಲಿಟ್ಟ ಅಂಶನ ನಾವು ಕಾಲಂನಲ್ಲೇ ಸೇರ್ಸಿರಲಿಲ್ಲ. ಆರನೇ ಕಾಲಂ ಸೇರ್ಸಿ ಇನ್ನೊಂದು ಎರಡು ವಾರ ನಡೆಸಿದ್ವಿ, ಗುಡ್ಡದ ಸರ್ಜರಿಯ ಮನೆಭೇಟಿಗಳು ಆಗ ಕಂಡ್ವು. ಅವರು ಒತ್ತಾಯ ಮಾಡಿದ್ದಕ್ಕೇ ಅವರ ಲಿಸ್ಟನ್ನ ಇನ್ನೂ ಬಿಡಿಸಿ ನೋಡ್ದೆ, ಗುಡ್ಡದ ಹಿಂದೆ ಕ್ಯಾರವಾನ್ ಪಾರ್ಕು (ಗಾಲಿ ಮೇಲಿನ ಪುಟ್ಟ ಮನೆಗಳ ಜಾಗ) ಒಂದಿತ್ತು, ವರ್ಷಪೂರ್ತಿ ಅಲ್ಲೇ ಇರೋ ಬಡ ಮುದುಕರು. ಅವರಿದ್ದ ಪುಟ್ಟ ಪ್ರದೇಶದಲ್ಲಿ ಉಳಿದವರೆಲ್ಲ ಅನುಕೂಲಸ್ಥರು, ಹಾಗಾಗಿ ಐಎಂಡಿ ಪ್ರಕಾರ ಅಲ್ಲಿ ಯಾವ ತೊಂದರೆನೂ ಇಲ್ಲ. 1,500 ಜನದ ಘಟಕನೂ ಇಷ್ಟನ್ನ ನುಂಗಿಬಿಡುತ್ತೆ. ಬಡವರಲ್ಲಿ ತುಂಬ ಜನ ಬಡ ಪ್ರದೇಶದಲ್ಲಿ ಇರಲ್ಲ, ಬಡ ಪ್ರದೇಶದಲ್ಲಿರೋರೆಲ್ಲ ಬಡವರಲ್ಲ, ಈ ಎಚ್ಚರಿಕೆ ಸೂಚ್ಯಂಕದ ಜೊತೆಗೆ ಬರೋ ಪುಸ್ತಿಕೆಲೇ ಇರುತ್ತೆ, ಓದಿದ್ದೆ, ಆದ್ರೆ ಕ್ಯಾರವಾನ್ ಪಾರ್ಕಿಗೆ ಹೋಗಿ ಬಂದ ಮೇಲೆ ಗಟ್ಟಿಯಾಯ್ತು.

ಕೊನೆಗೆ ದುಡ್ಡು ಹಂಚಿದ್ದು ಹೀಗೆ. ಎಲ್ಲಾ ಸೇರ್ಸಿ ನಮ್ಮದೇ ಒಂದು ಹೊಸ ಸ್ಕೋರು ಕಟ್ಟೋಣ ಅಂತ ಒಬ್ರು ಹೇಳಿದ್ರು, ನಾನು ಬೇಡ ಅಂದೆ, ನಾಲ್ಕು ಸರ್ಜರಿಯ ಟಿಕ್ಕುಗಳಿಂದ 11 ಸರ್ಜರಿಗೆ ತೂಕ ಕಂಡುಹಿಡಿಯೋದು ಸರಿಯಲ್ಲ. ಬದಲಿಗೆ ಮೊತ್ತನ ಎರಡು ಮಾಡಿದ್ವಿ. ದೊಡ್ಡ ಪಾಲು, ಅತಿ ಹಿಂದುಳಿದ ಪ್ರದೇಶಗಳಲ್ಲಿರೋ ಪೇಶೆಂಟುಗಳ ಸಂಖ್ಯೆಗೆ ತಕ್ಕ ಹಾಗೆ. ಸಣ್ಣ ಪಾಲು, ಮನೆ ಬಿಟ್ಟು ಬರೋಕಾಗದ ಒಂಟಿ ವೃದ್ಧರಿಗೆ. ಇಷ್ಟು ಅಂಕ ದಾಟಿದ್ರೆ ಮಾತ್ರ ದುಡ್ಡು ಅನ್ನೋ ಗೆರೆ ಎಲ್ಲೂ ಹಾಕ್ಲಿಲ್ಲ, ತಲೆ ಎಷ್ಟೋ ಅಷ್ಟು, 29 ಚಿಲ್ಲರೆ ಕಥೆ ಕೇಳಿದ ಮೇಲೆ ಗೆರೆ ಹಾಕೋಕೆ ಯಾರಿಗೂ ಮನಸ್ಸು ಬರಲಿಲ್ಲ.

ದಂಡೆ ಸರ್ಜರಿಲಿ ಒಬ್ರು ನರ್ಸು, ಹತ್ತರ ಬದಲು ಇಪ್ಪತ್ತು ನಿಮಿಷದ ಭೇಟಿ. ಗುರುವಾರ ಬೆಳಿಗ್ಗೆ ಬೆನಿಫಿಟ್ ಸಲಹೆ ಕೊಡೋರು ಒಬ್ರು ಸರ್ಜರಿಲೇ ಕೂರೋ ಹಾಗೆ ಮಾಡಿದ್ವಿ. ಗುಡ್ಡದ ಸರ್ಜರಿ ಪಕ್ಕದ ಇನ್ನೊಂದು ಸರ್ಜರಿ ಜೊತೆ ಸೇರಿ ಮನೆಗೆ ಹೋಗೋ ನರ್ಸನ್ನ ಇಟ್ಕೊಂಡ್ತು.

ಪೇಪರ್ ಕೆಲಸಕ್ಕೆ ಅಂತ ಡಾಕ್ಟ್ರ ಹತ್ರ ಹೋಗೋದು ದಂಡೆ ಸರ್ಜರಿಲಿ ಕಣ್ಣಿಗೆ ಕಾಣೋ ಹಾಗೆ ಕಮ್ಮಿ ಆಯ್ತು. ಅಪಾಯಿಂಟ್‌ಮೆಂಟಿಗೆ ಕಾಯೋ ದಿನ ಕಮ್ಮಿ ಆಗ್ಲಿಲ್ಲ. ಒಂದು ವರ್ಷದ ರಿವ್ಯೂ ಮೀಟಿಂಗಲ್ಲಿ ಇದೇ ದೊಡ್ಡ ವಿಷಯ ಆಯ್ತು, ದುಡ್ಡು ಕೊಟ್ರೂ ಕ್ಯೂ ಹಾಗೇ ಇದೆಯಲ್ಲ ಅಂತ. ನಾವು ಬಿಡಿಸಿ ನೋಡಿದಾಗ, ಖಾಲಿಯಾದ ಜಾಗಕ್ಕೆ ಬಂದೋರು ಬಹಳ ತಿಂಗಳಿಂದ ಸರ್ಜರಿ ಕಡೆಗೇ ತಲೆಹಾಕದೇ ಇದ್ದೋರು, ಫೋನ್ ಮಾಡಿ ಮಾಡಿ ಸಾಕಾಗಿ ಬಿಟ್ಟಿದ್ದೋರು. ಅವರ ಕಾಯಿಲೆ ಮೊದಲೂ ಇತ್ತು, ನಮ್ಮ ಲೆಕ್ಕಕ್ಕೆ ಬಂದಿರಲಿಲ್ಲ ಅಷ್ಟೇ. ಕ್ಯೂನ ಉದ್ದ ನೋಡಿ ಅಗತ್ಯ ಅಳೆಯೋದು ಎಷ್ಟು ಅಪಾಯ ಅಂತ ನನಗೆ ಅಲ್ಲಿ ಅರ್ಥ ಆಯ್ತು, ಅದನ್ನ ಆ ಮೀಟಿಂಗಲ್ಲಿ ಹೇಳ್ದೆ, ಕೆಲವರು ಒಪ್ಪಿದ್ರು, ಕೆಲವರು ಒಪ್ಪಲಿಲ್ಲ. ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗೋರ ಸಂಖ್ಯೆಲಿ ವ್ಯತ್ಯಾಸ ಏನೂ ಕಾಣ್ಲಿಲ್ಲ.

ಬೇಜಾರಾದ ವಿಷಯ ಅಂದ್ರೆ ನರ್ಸು 14 ತಿಂಗಳಿಗೆ ಕೆಲಸ ಬಿಟ್ರು. ಎರಡು ವರ್ಷದ ದುಡ್ಡಲ್ಲಿ ಉಳಿದಿದ್ದು ಹತ್ತು ತಿಂಗಳು, ಅಷ್ಟಕ್ಕೆ ಯಾರು ಬರ್ತಾರೆ? ನಾಲ್ಕು ತಿಂಗಳು ಆ ರೂಮು ಬೀಗ ಹಾಕಿತ್ತು. ಅಳತೆ ಸರಿ ಮಾಡೋಕೆ ನಾವು ಪಟ್ಟ ಪಾಡಿನ ಅರ್ಧ ಭಾಗನ ದುಡ್ಡು ಐದು ವರ್ಷಕ್ಕೆ ಕೊಡಿ ಅಂತ ಕೇಳೋಕೆ ಹಾಕಬೇಕಿತ್ತು. ಇನ್ನೊಂದು, ಹಾಳೆ ಇಡೋ ಮುಂಚೆ ಹನ್ನೊಂದೂ ಸರ್ಜರಿಯ ರಿಸೆಪ್ಷನ್‌ನವರನ್ನ ಕೂರಿಸ್ಕೊಂಡು ಕಾಲಂ ಏನಿರ್ಬೇಕು ಅಂತ ಕೇಳಬೇಕಿತ್ತು, ಗುಡ್ಡದ ಡಾಕ್ಟ್ರು ಹಾಳೆ ಹಿಡ್ಕೊಂಡು ಬರೋ ತನಕ ಕಾಯಬಾರದಿತ್ತು.

2019ರ ಸೆಪ್ಟೆಂಬರಲ್ಲಿ ಹೊಸ ಐಎಂಡಿ ಬಂತು. ನಾನು ಹಳೇ ಫೈಲ್ ತೆಗೆದು ಅದೇ ಲೆಕ್ಕ ಮತ್ತೆ ಓಡಿಸ್ದೆ. ದಂಡೆ ಹಿಂದಿನ ಒಂದು ಪುಟ್ಟ ಪ್ರದೇಶದ ರ್‍ಯಾಂಕು ಚೆನ್ನಾಗಿ ಸುಧಾರಿಸಿತ್ತು, ಖುಷಿಯಿಂದ ದಂಡೆ ಸರ್ಜರಿ ಮ್ಯಾನೇಜರಿಗೆ ಫೋನ್ ಮಾಡ್ದೆ. ಅವರು ಒಂದು ನಿಮಿಷ ತಡೀರಿ ಅಂತ ತಮ್ಮ ಸಿಸ್ಟಮಲ್ಲಿ ನೋಡಿ ಹೇಳಿದ್ರು, ಅಲ್ಲಿನ ಗೆಸ್ಟ್‌ಹೌಸುಗಳನ್ನ ಒಬ್ಬ ಬಿಲ್ಡರ್ ಕೊಂಡು ಫ್ಲಾಟ್ ಮಾಡಿದಾನೆ, ರೂಮುಗಳಲ್ಲಿದ್ದೋರು ಯಾರೂ ನಮ್ಮ ಲಿಸ್ಟ್ ಬಿಟ್ಟು ಹೋಗಿಲ್ಲ, ಹೆಚ್ಚಿನವರು ರಸ್ತೆ ದಾಟಿ ಎದುರಿನ ಬೀದಿಗೆ ಹೋಗಿದಾರೆ, ಪೋಸ್ಟ್‌ಕೋಡ್ ಮಾತ್ರ ಬೇರೆ.